ಎಐಎಸ್ ಆರಿಸಿದ ಹಡಗನ್ನು ಪುಟ್ಟ ಉಪಗ್ರಹಗಳು ಹಿಡಿಯುವುದು ಹೇಗೆ? ಶಿವಮೊಗ್ಗದಲ್ಲಿ ಕೂತು ಏನು ಮಾಡಬಹುದು?

ತುಂಗಾತೀರ:
ಫೈನಲ್ ಇಯರ್ ಎಲೆಕ್ಟ್ರಾನಿಕ್ಸ್ ಪ್ರಾಜೆಕ್ಟ್‌ಗೆ ಈ ವಿಷಯ ತಗೊಂಡಿದ್ದೇವೆ, ಕಾಲೇಜು ಶಿವಮೊಗ್ಗದಲ್ಲಿ. ಕಳ್ಳ ಮೀನುಗಾರಿಕೆಯವರು, ನಡುಸಮುದ್ರದಲ್ಲಿ ಕದ್ದು ತೈಲ ದಾಟಿಸುವವರು ಮೊದಲು ಮಾಡುವ ಕೆಲಸ ಎಐಎಸ್ (ಹಡಗು ತನ್ನ ಗುರುತು, ಜಾಗ ಸಾರುವ ರೇಡಿಯೋ) ಆರಿಸುವುದು. ಆಮೇಲೂ ಉಪಗ್ರಹಗಳು ಅವರನ್ನು ಪತ್ತೆ ಮಾಡುತ್ತವಂತೆ. ಅಮೆರಿಕದ ಹಾಕ್‌ಐ 360 ಕಂಪನಿ ಮೂರು ಉಪಗ್ರಹಗಳನ್ನು ಜೊತೆಯಾಗಿ ಹಾರಿಸುತ್ತದೆ, ಫ್ರಾನ್ಸಿನ ಅನ್‌ಸೀನ್‌ಲ್ಯಾಬ್ಸ್ ಕಂಪನಿ ಒಂದೇ ಸಾಕು ಅನ್ನುತ್ತದೆ. ಈ ಲೆಕ್ಕ ಹೇಗೆ? ನಮ್ಮಲ್ಲಿರುವುದು ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿ ರೇಡಿಯೋ ರಿಸೀವರ್), ಒಂದು ಲ್ಯಾಪ್‌ಟಾಪ್.

ಮೈಕ್ರೋಸೆಕೆಂಡ್:
ಎಐಎಸ್ ಆರಿಸಿದರೂ ರೇಡಾರ್ ಆರಿಸುವುದು ಸುಲಭವಲ್ಲ. ರಾತ್ರಿ, ಮಳೆಯಲ್ಲಿ ಅದಿಲ್ಲದೆ ಓಡಿಸಿದರೆ ಡಿಕ್ಕಿ ಗ್ಯಾರಂಟಿ. ಹಡಗಿನ ಎಕ್ಸ್-ಬ್ಯಾಂಡ್ ರೇಡಾರ್ 9.3ರಿಂದ 9.5 ಗಿಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ. ಮ್ಯಾಗ್ನೆಟ್ರಾನ್ (ಮೈಕ್ರೋವೇವ್ ಹೊಮ್ಮಿಸುವ ಟ್ಯೂಬ್) ಆಗಿದ್ದರೆ ಪಲ್ಸ್‌ನ ಪೀಕ್ ಪವರ್ 10–25 ಕಿಲೋವ್ಯಾಟ್. ಕಕ್ಷೆಗೆ ಕೇಳಿಸಲು ಅಷ್ಟು ಧಾರಾಳ ಸಾಕು.

ಮೂರು ಉಪಗ್ರಹ ಇದ್ದಾಗ ಒಂದೇ ಪಲ್ಸ್ ಯಾವುದಕ್ಕೆ ಎಷ್ಟು ತಡವಾಗಿ ಮುಟ್ಟಿತು ಅನ್ನುವ ವ್ಯತ್ಯಾಸವೇ ಅಳತೆ. ಎರಡು ಉಪಗ್ರಹಗಳಿಂದ ಒಂದು ಹೈಪರ್ಬೋಲಾ (ಹಡಗು ಇರಬಹುದಾದ ಬಾಗಿದ ಗೆರೆ) ಸಿಗುತ್ತದೆ, ಮೂರನೆಯದು ಅದನ್ನು ಕತ್ತರಿಸುತ್ತದೆ. ಗಡಿಯಾರ ಎಷ್ಟು ನಿಖರ ಬೇಕು ಅಂತ ನೀವೇ ಹಾಕಿ ನೋಡಿ: 1 ಮೈಕ್ರೋಸೆಕೆಂಡ್ ತಪ್ಪು ಅಂದರೆ 300 ಮೀಟರ್ ದಾರಿ ತಪ್ಪು. ಉಪಗ್ರಹಗಳ ನಡುವೆ 100 ಕಿ.ಮೀ., ಹಡಗು 1000 ಕಿ.ಮೀ. ದೂರ ಇದ್ದರೆ ನೆಲದಲ್ಲಿ ಅದು ಸುಮಾರು 3 ಕಿ.ಮೀ. ಆಗಿ ಹಿಗ್ಗುತ್ತದೆ. ಜಿಪಿಎಸ್‌ಗೆ ಕಟ್ಟಿದ ಗಡಿಯಾರದಲ್ಲಿ 50 ನ್ಯಾನೋಸೆಕೆಂಡ್‌ಗೆ ಇಳಿಸಿದರೆ ನೆಲದಲ್ಲಿ 150 ಮೀಟರ್.

ಕಾಗದದಲ್ಲಿ ಸಲೀಸು, ನಿಜದಲ್ಲಿ ತಾಪತ್ರಯ ಬೇರೆ. ಆಂಟೆನಾ ನಿಮಿಷಕ್ಕೆ 24 ಸುತ್ತು ತಿರುಗುತ್ತದೆ, ಬೀಮ್ ಅಗಲ 1.2 ಡಿಗ್ರಿ ಅಂತಿಟ್ಟುಕೊಳ್ಳಿ. ಒಂದು ಉಪಗ್ರಹದ ಮೇಲೆ ಬೀಮ್ ನಿಲ್ಲುವುದು ಸುಮಾರು 8 ಮಿಲಿಸೆಕೆಂಡ್, ಸೆಕೆಂಡಿಗೆ 1000 ಪಲ್ಸ್ ಆದರೆ ಸಿಗುವುದು ಎಂಟೇ ಪಲ್ಸ್! ಪಕ್ಕದ ಉಪಗ್ರಹ ಹಡಗಿನಿಂದ ನೋಡಿದರೆ ಕೆಲವು ಡಿಗ್ರಿ ಆಚೆ ಇರಬಹುದು, ಅದಕ್ಕೆ ಆ ಹೊತ್ತಿನಲ್ಲಿ ಕೇಳಿಸುವುದು ದುರ್ಬಲ ಸೈಡ್‌ಲೋಬ್ (ಮುಖ್ಯ ಬೀಮ್‌ನ ಪಕ್ಕಕ್ಕೆ ಸೋರುವ ಸಂಕೇತ) ಮಾತ್ರ. ಯಾವ ಪಲ್ಸ್‌ಗೆ ಯಾವುದು ಜೋಡಿ ಅನ್ನುವಲ್ಲಿ ಎಡವಿದರೆ ಉತ್ತರ ನೂರಾರು ಕಿ.ಮೀ. ಹಾರುತ್ತದೆ, ಯಾಕೆಂದರೆ ಪಲ್ಸ್‌ಗಳ ನಡುವಿನ 1 ಮಿಲಿಸೆಕೆಂಡ್‌ನಲ್ಲಿ ಬೆಳಕು 300 ಕಿ.ಮೀ. ಸಾಗಿರುತ್ತದೆ.

ಇಷ್ಟೆಲ್ಲ ಆದರೂ ಸಿಗುವುದು "ಇಲ್ಲೊಂದು ರೇಡಾರ್ ಇದೆ" ಅಂತ. ಕಳ್ಳ ಹಡಗು ಅಂತಲ್ಲ. ಅದೇ ಹೊತ್ತಿನ ಎಐಎಸ್ ಪಟ್ಟಿಯಲ್ಲಿ ಆ ಜಾಗದಲ್ಲಿ ಯಾರೂ ಇಲ್ಲದಿದ್ದರೆ ಮಾತ್ರ ಅನುಮಾನ. ಆಮೇಲೆ ಎಸ್‌ಎಆರ್ ಚಿತ್ರ (ಉಪಗ್ರಹದ ರೇಡಾರ್ ತೆಗೆಯುವ ಚಿತ್ರ) ತರಿಸಿ ನೋಡಬೇಕು.

ಘಟ್ಟದಮೇಲೆ:
ನಿಮ್ಮ ಡಾಂಗಲ್ 1.7 ಗಿಗಾಹರ್ಟ್ಸ್ ಆಸುಪಾಸಿಗೆ ನಿಲ್ಲುತ್ತದೆ, ರೇಡಾರ್ ಆಸೆ ಬಿಡಿ. ಎಐಎಸ್ ಮಾತ್ರ ಆರಾಮಾಗಿ ಆಗುತ್ತದೆ (161.975 ಮತ್ತು 162.025 ಮೆಗಾಹರ್ಟ್ಸ್), ಆದರೆ ಶಿವಮೊಗ್ಗ ಊರೊಳಗೆ ಅಲ್ಲ, ಘಟ್ಟ ಅಡ್ಡ. ಆಗುಂಬೆ ಅಂಚಿಗೆ ಹೋಗಿ. ಸುಮಾರು 640 ಮೀಟರ್ ಎತ್ತರದಿಂದ, ಹಡಗಿನ ಆಂಟೆನಾ 20 ಮೀಟರ್ ಅಂತ ಹಿಡಿದರೆ, ರೇಡಿಯೋ ದಿಗಂತ 120 ಕಿ.ಮೀ. ದಾಟುತ್ತದೆ. ಕಾಲು ತರಂಗದ ಕಡ್ಡಿ 44 ಸೆಂ.ಮೀ., ಕೆಳಗೆ ಅಷ್ಟೇ ಉದ್ದದ ನಾಲ್ಕು ರೇಡಿಯಲ್, ಎಫ್‌ಎಂ ಸ್ಟೇಷನ್‌ಗಳನ್ನು ತಡೆಯುವ ನಾಚ್ ಫಿಲ್ಟರ್. ಕೇಬಲ್ ಚಿಕ್ಕದಿರಲಿ. ಮುಂಗಾರಿನಲ್ಲಿ ಬೇಡ, ಗುಡುಗು ಕೇಳಿದರೆ ಕಡ್ಡಿ ಇಳಿಸಿ.

ತುಂಗಾತೀರ:
ಆದರೆ ಅದು ಬರೀ ಡಿಕೋಡ್ ಮಾಡಿದ ಹಾಗಾಗುತ್ತದೆ. ಜಾಗ ಪತ್ತೆ ಮಾಡುವ ಭಾಗ ತೋರಿಸಬೇಕಲ್ಲ?

ಮೈಕ್ರೋಸೆಕೆಂಡ್:
ಉಪಗ್ರಹ ಹತ್ತಿರ ಬರುವಾಗ ಆವರ್ತನ ಏರಿದ ಹಾಗೆ, ದೂರ ಹೋಗುವಾಗ ಇಳಿದ ಹಾಗೆ ಕೇಳಿಸುತ್ತದೆ, ಅದು ಡಾಪ್ಲರ್; ಒಂದೇ ಉಪಗ್ರಹದಿಂದಲೂ ಅದರ ಮೇಲೆ ಜಾಗ ಲೆಕ್ಕ ಹಾಕಬಹುದು. ಹಾಗಾದರೆ ಆ ಲೆಕ್ಕವನ್ನು ತಿರುವಿ ಹಾಕಿ. ಉಪಗ್ರಹದ ಕಕ್ಷೆ ಗೊತ್ತು, ನಿಮ್ಮ ಟೆರೇಸ್ ಎಲ್ಲಿದೆ ಅನ್ನುವುದು ಗೊತ್ತಿಲ್ಲ ಅಂತ ಭಾವಿಸಿ. 1960ರ ದಶಕದ ಅಮೆರಿಕದ ಟ್ರಾನ್ಸಿಟ್ ಉಪಗ್ರಹ ವ್ಯವಸ್ಥೆ ಹಡಗುಗಳಿಗೆ ಜಾಗ ಹೇಳುತ್ತಿದ್ದುದು ಹೀಗೇ.

137 ಮೆಗಾಹರ್ಟ್ಸ್‌ನ ಮೀಟಿಯೋರ್-ಎಂ (ರಷ್ಯಾದ ಹವಾಮಾನ ಉಪಗ್ರಹ) ಸಾಕು. 53 ಸೆಂ.ಮೀ.ಯ ಎರಡು ಕಾಲಿನ, 120 ಡಿಗ್ರಿ ತೆರೆದ ವಿ-ಡೈಪೋಲ್ ಕಟ್ಟಿ, ತೋಟದ ಮರಗಳಿಗಿಂತ ಮೇಲೆ. ಆವರ್ತನ ±3 ಕಿಲೋಹರ್ಟ್ಸ್ ಜಾರುತ್ತದೆ. ಸೆಕೆಂಡಿಗೊಮ್ಮೆ ಬರೆದಿಟ್ಟುಕೊಂಡು ಪೈಥಾನ್‌ನಲ್ಲಿ ಲೀಸ್ಟ್ ಸ್ಕ್ವೇರ್ಸ್ (ಅಳತೆಗಳಿಗೆ ಅತಿ ಹತ್ತಿರ ಕೂರುವ ಉತ್ತರ ಹುಡುಕುವ ವಿಧಾನ) ಹಾಕಿ. ಅಕ್ಷಾಂಶ, ರೇಖಾಂಶದ ಜೊತೆ ಡಾಂಗಲ್‌ನ ಆವರ್ತನ ತಪ್ಪನ್ನೂ ಅಜ್ಞಾತವಾಗಿ ಸೇರಿಸಿ, ಇಲ್ಲದಿದ್ದರೆ ಫಿಟ್ ಕೂರುವುದೇ ಇಲ್ಲ. ಡಾಂಗಲ್ ಬಿಸಿಯಾಗುತ್ತಾ 1 ಪಿಪಿಎಂ (ಹತ್ತು ಲಕ್ಷದಲ್ಲೊಂದು ಭಾಗ) ಸರಿದರೂ 138 ಹರ್ಟ್ಸ್ ಹೋಯಿತು, ಹಾಗಾಗಿ ಅರ್ಧ ಗಂಟೆ ಮೊದಲೇ ಆನ್ ಮಾಡಿಟ್ಟಿರಿ. ಲ್ಯಾಪ್‌ಟಾಪ್ ಗಡಿಯಾರ ಎನ್‌ಟಿಪಿಗೆ (ಇಂಟರ್ನೆಟ್ ಮೂಲಕ ಬರುವ ಸಮಯಕ್ಕೆ) ಹೊಂದಿರಲಿ: ಉಪಗ್ರಹ ಸೆಕೆಂಡಿಗೆ 7.4 ಕಿ.ಮೀ. ಓಡುತ್ತದೆ, 100 ಮಿಲಿಸೆಕೆಂಡ್ ತಪ್ಪಿದರೆ 740 ಮೀಟರ್.

ಒಂದು ಪಾಸ್‌ನಲ್ಲಿ (ಉಪಗ್ರಹ ಆಕಾಶದಲ್ಲಿ ಒಮ್ಮೆ ಹಾದುಹೋಗುವಾಗ) ಎರಡು ಉತ್ತರ ಬರುತ್ತವೆ, ಉಪಗ್ರಹದ ಹಾದಿಯ ಎಡಕ್ಕೊಂದು, ಬಲಕ್ಕೊಂದು. ಭೂಮಿ ತಿರುಗುವುದರಿಂದ ಎರಡರ ನಡುವೆ ಸಣ್ಣ ವ್ಯತ್ಯಾಸ ಇರುತ್ತದೆ, ಆದರೆ ನಿಮ್ಮ ಡಾಂಗಲ್‌ನಲ್ಲಿ ಅದನ್ನು ನಂಬಬೇಡಿ. ಬೇರೆ ಹಾದಿಯ ಇನ್ನೊಂದು ಪಾಸ್ ಸೇರಿಸಿದರೆ ಸುಳ್ಳು ಉತ್ತರ ತಾನೇ ಬಿದ್ದುಹೋಗುತ್ತದೆ.