ಎರಕದ ಈಟಿಯನ್ನು ತೆಗೆದು ಕೂರಿಸುವುದು ‘ತಂತಿ’ಯನ್ನೋ ‘ಕಡ್ಡಿ’ಯನ್ನೋ?

ಮಾನ್ಯರೇ,

ಯುದ್ಧದಾಟದಲ್ಲಿ ಬಳಸುವ ಪುಟ್ಟ ಲೋಹದ ಸೈನಿಕರ ಕೈಯಲ್ಲಿರುವ ಎರಕದ ಆಯುಧವನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಹಿತ್ತಾಳೆಯದೋ ಉಕ್ಕಿನದೋ ಆದ ಹೊಸ ಆಯುಧವನ್ನು ಕೂರಿಸುವ ಬಗೆಯನ್ನು ವಿವರಿಸುವ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಬ್ರಿಟನ್ನಿನಲ್ಲಿ ಎಚ್. ಜಿ. ವೆಲ್ಸ್ ಇಂಥ ಆಟಕ್ಕೆ 1913ರಲ್ಲೇ ನಿಯಮಗಳನ್ನು ಬರೆದು ಪ್ರಕಟಿಸಿದ್ದರಿಂದ, ಇಂಗ್ಲಿಷಿನಲ್ಲಿ ಈ ಹವ್ಯಾಸದ ಮಾತುಗಳು ಬಳಸಿ ಬಳಸಿ ನೆಲೆಗೊಂಡಿವೆ. ಕನ್ನಡದಲ್ಲಿ ನನಗೆ ಬೇಕಾದ ಮಾತುಗಳು ಬಹುಮಟ್ಟಿಗೆ ಅಕ್ಕಸಾಲಿಗರ ಮತ್ತು ಕಮ್ಮಾರರ ಬಾಯಲ್ಲಿ ಸಿಕ್ಕವು. ಎರಡು ಕಡೆ ಮಾತ್ರ ನಿರ್ಧಾರಕ್ಕೆ ಬರಲಾಗದೆ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ವಸ್ತುವನ್ನೇ ವಿವರಿಸುತ್ತೇನೆ, ಏಕೆಂದರೆ ಪದದ ತೊಡಕು ವಸ್ತುವಿನಲ್ಲಿಯೇ ಇದೆ. ಈ ಬೊಂಬೆಗಳನ್ನು ತವರವೇ ಹೆಚ್ಚಾಗಿರುವ, ಹಳೆಯವಾದರೆ ಸೀಸವೂ ಬೆರೆತ ಮೆದು ಲೋಹದಿಂದ ರಬ್ಬರಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಮೆಸಿಡೋನಿಯದ ದೊರೆ ಎರಡನೆಯ ಫಿಲಿಪ್ಪನ ಕಾಲಾಳುಗಳು ಎರಡೂ ಕೈಗಳಿಂದ ಹಿಡಿಯುತ್ತಿದ್ದ ಸರಿಸ್ಸ ಎಂಬ ಉದ್ದನೆಯ ಈಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನಿಜವಾದ ಸರಿಸ್ಸ ಸುಮಾರು ಐದೂವರೆ ಮೀಟರ್ ಉದ್ದವಿತ್ತು, 28 ಮಿ.ಮೀ. ಅಳತೆಯ ಬೊಂಬೆಯ ಕೈಯಲ್ಲಿ ಅದು ಹತ್ತಿರ ಹತ್ತಿರ 10 ಸೆಂ.ಮೀ. ಆಗುತ್ತದೆ. ಕಾವಿನ, ಅಂದರೆ ಈಟಿಯ ಹಿಡಿಕೋಲಿನ, ದಪ್ಪ ಮೂರೂವರೆ ಸೆಂ.ಮೀ. ಎಂದು ಹಿಡಿದರೆ, ಬೊಂಬೆಯ ಅಳತೆಗೆ ಅದು ಬರೀ 0.6 ಮಿ.ಮೀ. ಅಷ್ಟು ಕಿರಿದಾದ ಕಾಲುವೆಯ ತುದಿಯವರೆಗೆ ಕರಗಿದ ಲೋಹ ಹರಿಯುವುದು ಕಷ್ಟವಾದ್ದರಿಂದ ಎರಕದವರು ಈಟಿಯನ್ನು ಎರಡರಷ್ಟು ದಪ್ಪ ಮಾಡುತ್ತಾರೆ, ಅಂದರೆ ಸೈನಿಕನ ಕೈಗೆ ಈಟಿಯ ಬದಲು ಒನಕೆಯನ್ನು ಕೊಟ್ಟಂತಾಗುತ್ತದೆ. ಇಷ್ಟು ದಪ್ಪವಿದ್ದರೂ ಅದು ಆಟದ ನಡುವೆ ಬೆರಳು ತಾಗಿದರೆ ಬಾಗುತ್ತದೆ, ನಾಲ್ಕು ಸಲ ನೆಟ್ಟಗೆ ಮಾಡಿದರೆ ಮುಷ್ಟಿಯ ಬಳಿಯೇ ಮುರಿಯುತ್ತದೆ. ಅದಕ್ಕಾಗಿಯೇ ಈಟಿಯನ್ನು ಬದಲಿಸಬೇಕಾಗಿ ಬರುತ್ತದೆ.

ಈಗ ಮೊದಲನೆಯ ಪ್ರಶ್ನೆ. ಇಂಗ್ಲಿಷಿನವರು ಎರಕದ ಈಟಿಯ ಬದಲಿಗೆ ಕೂರಿಸುವುದನ್ನು ‘ವೈರ್’ ಎನ್ನುತ್ತಾರೆ; ನಾನೂ ಮೊದಲ ಕರಡಿನಲ್ಲಿ ‘ತಂತಿ’ ಎಂದೇ ಬರೆದಿದ್ದೆ. ಆ ಕರಡನ್ನು ಓದಿದ ನನ್ನ ಅಕ್ಕನ ಮಗ ಮನೆ ಕಟ್ಟುವವರು ಕಬ್ಬಿಣದ ಸರಳುಗಳನ್ನು ಬಿಗಿಯಲು ಬಳಸುವ ಕಪ್ಪು ತಂತಿಯ ಸುರುಳಿಯನ್ನು ತಂದು, ಅದರಿಂದ ತುಂಡು ಕತ್ತರಿಸಿ, ಬಹಳ ಜತನದಿಂದ ಹನ್ನೆರಡು ಸೈನಿಕರಿಗೆ ಈಟಿ ಮಾಡಿದ. ಮರುದಿನ ನೋಡಿದರೆ ಹನ್ನೆರಡೂ ಈಟಿಗಳು ಸುರುಳಿಯಲ್ಲಿದ್ದಾಗಿನ ಬಾಗನ್ನು ಬಿಡದೆ, ಒಂದೊಂದು ಒಂದೊಂದು ಕಡೆಗೆ ತಲೆ ಹಾಕಿಕೊಂಡಿದ್ದವು. ತಪ್ಪು ಹುಡುಗನದಲ್ಲ, ನನ್ನ ಪದದ್ದು. ವೀಣೆಯ ತಂತಿ, ಬೇಲಿಯ ಮುಳ್ಳುತಂತಿ, ಬಟ್ಟೆ ಒಣಹಾಕುವ ತಂತಿ, ಕರೆಂಟಿನ ತಂತಿ, ಇವೆಲ್ಲ ಎರಡು ತುದಿಗಳಲ್ಲಿ ಬಿಗಿದಾಗ ಮಾತ್ರ ನೇರವಾಗಿದ್ದು ಬಿಟ್ಟರೆ ಸುರುಳಿಯಾಗುವ ಅಥವಾ ಜೋತುಬೀಳುವ ವಸ್ತುಗಳು. ಕನ್ನಡದ ಕಿವಿಗೆ ‘ತಂತಿ’ ಎಂದರೆ ಬಾಗುವುದು ಎಂಬ ಅರ್ಥ ಹೇಳದೆಯೇ ಬರುತ್ತದೆ. ನಮಗೆ ಬೇಕಾದದ್ದು ಒಂದೇ ತುದಿಯಲ್ಲಿ ಹಿಡಿದರೂ ನೇರವಾಗಿ ನಿಲ್ಲುವಂಥದ್ದು.

ಉಳಿದ ಪದಗಳನ್ನೂ ತೂಗಿ ನೋಡಿದೆ. ‘ಸರಿಗೆ’ಯ ಮೂಲಾರ್ಥ ಹತ್ತಿರವೇ ಇದ್ದರೂ ಇಂದಿನವರಿಗೆ ಅದು ಸೀರೆಯ ಅಂಚನ್ನೇ ನೆನಪಿಸುತ್ತದೆ. ‘ಕಂಬಿ’ ಮತ್ತು ‘ಸಲಾಕೆ’ಗಳು ದಪ್ಪನೆಯವು. ‘ಸರಳು’ ನನಗೆ ಬಹಳ ಪ್ರಿಯವಾದ ಪದ, ಏಕೆಂದರೆ ಹಳಗನ್ನಡದಲ್ಲಿ ‘ಸರಳ್’ ಎಂದರೆ ಬಾಣವೇ. ಆಯುಧದ ಅರ್ಥವೂ ನೇರತನದ ಅರ್ಥವೂ ಅದರಲ್ಲಿ ಒಟ್ಟಿಗಿದ್ದವು. ಆದರೆ ಇಂದು ಅದು ಕಿಟಕಿಯ ಸರಳು; ಅರ್ಧ ಮಿಲಿಮೀಟರಿನ ವಸ್ತುವಿಗೆ ಆ ಹೆಸರಿಟ್ಟರೆ ಓದುಗರು ಮತ್ತೆ ಒನಕೆಯ ಕಡೆಗೇ ಹೋಗುತ್ತಾರೆ.

ಕೊನೆಗೆ ‘ಕಡ್ಡಿ’ಗೆ ಬಂದು ನಿಂತಿದ್ದೇನೆ. ಕಡ್ಡಿ ಎಂದರೆ ಮರದ್ದೇ ಎಂದು ಮೊದಲು ಹಿಂಜರಿದೆ. ಆದರೆ ಕೊಡೆಯ ಕಡ್ಡಿ, ಸೈಕಲ್ ಚಕ್ರದ ಕಡ್ಡಿ, ಸ್ವೆಟರ್ ಹೆಣೆಯುವ ಕಡ್ಡಿ, ಇವೆಲ್ಲ ಲೋಹದವು. ಎಲ್ಲವೂ ತೆಳು, ನೇರ ಮತ್ತು ಬಿಗುವಾದವು. ‘0.6 ಮಿ.ಮೀ. ಹಿತ್ತಾಳೆ ಕಡ್ಡಿ’ ಎಂದು ಬರೆದರೆ ಯಾರೂ ಸುರುಳಿಯನ್ನು ತರಲಾರರು ಎಂಬುದು ನನ್ನ ನಂಬಿಕೆ. ಇದಕ್ಕೆ ಆಕ್ಷೇಪ ಒಂದೇ, ಅದೂ ಸಣ್ಣದಲ್ಲ: ‘ಕಡ್ಡಿ ಮುರಿದಂತೆ ಮಾತಾಡಿದ’ ಎನ್ನುತ್ತೇವೆ, ಕಡ್ಡಿ ಎಂಬ ಪದಕ್ಕೆ ಲಟಕ್ಕನೆ ಮುರಿಯುವ ಗುಣವನ್ನು ನಮ್ಮ ನುಡಿಗಟ್ಟೇ ಅಂಟಿಸಿಬಿಟ್ಟಿದೆ. ಮುರಿಯಬಾರದೆಂದೇ ಮಾಡುವ ಕೆಲಸಕ್ಕೆ ಮುರಿಯುವುದರ ಹೆಸರು ಒಗ್ಗುತ್ತದೆಯೇ? ‘ಹಿತ್ತಾಳೆ’, ‘ಉಕ್ಕು’ ಎಂಬ ವಿಶೇಷಣ ಸೇರಿದೊಡನೆ ಆ ಅಳುಕು ಹೋಗುತ್ತದೆಂದು ನನಗನ್ನಿಸುತ್ತದೆ, ಆದರೆ ಇನ್ನೊಬ್ಬರ ಕಿವಿ ಬೇಕು.

ಎರಡನೆಯದು ಕ್ರಿಯಾಪದದ ಪ್ರಶ್ನೆ. ಕೊಡಲಿಗೂ ಗುದ್ದಲಿಗೂ ‘ಕಾವು ಹಾಕುವುದು’ ಎನ್ನುತ್ತೇವೆ; ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆ ಇರುವವರೆಗೆ ಆ ಪದಕ್ಕೆ ಅಳಿವಿಲ್ಲ. ಎರಕದ ಕೊಡಲಿಯ ತಲೆಯನ್ನು ಉಳಿಸಿಕೊಂಡು ಹಿಡಿಕೆಯನ್ನಷ್ಟೇ ಬದಲಿಸುವಾಗ ‘ಕಾವು ಹಾಕುವುದು’ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ. ಈಟಿಯಲ್ಲಿ ಹಾಗಲ್ಲ. ಅಲ್ಲಿ ಕಡ್ಡಿಯ ತುದಿಯನ್ನೇ ಅಡಿಗಲ್ಲಿನ ಮೇಲಿಟ್ಟು, ನೇಗಿಲ ಕುಳವನ್ನು ಹಣಿಯುವಂತೆ ಸಣ್ಣ ಸುತ್ತಿಗೆಯಿಂದ ಹಣಿದು ಚಪ್ಪಟೆ ಮಾಡಿ, ಅರದಿಂದ ಎಲೆಯ ಆಕಾರಕ್ಕೆ ಉಜ್ಜಿ ಅಲಗನ್ನು ತೆಗೆಯುತ್ತೇವೆ. ಅಲಗೂ ಕಾವೂ ಒಂದೇ ಲೋಹ, ಒಂದೇ ತುಂಡು. ಆಮೇಲೆ ಮುಚ್ಚಿದ ಮುಷ್ಟಿಯನ್ನು ಕೈಬೈರಿಗೆಯಿಂದ ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ ಕೊರೆದು, ಆ ತೂತಿನೊಳಗೆ ಈಟಿಯನ್ನು ಇಳಿಸಿ ಅಂಟು ಹಾಕುತ್ತೇವೆ. ಈ ಇಡೀ ಕೆಲಸಕ್ಕೆ ‘ಈಟಿ ಹಿಡಿಸುವುದು’ ಎಂದು ಬರೆಯಬಹುದೇ? ‘ಹಿಡಿಸು’ವಿನಲ್ಲಿ ಕೈಗೆ ಕೊಡುವ ಅರ್ಥವೂ ತೂತಿನಲ್ಲಿ ಸರಿಯಾಗಿ ಕೂರಿಸುವ ಅರ್ಥವೂ ಇವೆ, ಇಷ್ಟವಾಗುವ ಅರ್ಥವೂ ಇರುವುದರಿಂದ ಗೊಂದಲವಾದೀತೇ ಎಂಬುದೊಂದೇ ನನ್ನ ಶಂಕೆ.

ನಿಮ್ಮ ಊರಿನ ಅಕ್ಕಸಾಲಿಗರು ಕಂಬಚ್ಚಿನಲ್ಲಿ (ಲೋಹವನ್ನು ತೂತಿನ ಮೂಲಕ ಎಳೆದು ತೆಳುವಾಗಿಸುವ ಅಚ್ಚಿನಲ್ಲಿ) ಎಳೆದ ತಂತಿಯನ್ನು ನೆಟ್ಟಗೆ ಮಾಡಿ ತುಂಡರಿಸಿಟ್ಟ ಮೇಲೂ ‘ತಂತಿ’ ಎಂದೇ ಕರೆಯುತ್ತಾರೆಯೇ, ಅಥವಾ ಆ ನೇರ ತುಂಡಿಗೆ ಅವರಲ್ಲಿ ಬೇರೆ ಹೆಸರಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಅಂಥ ಹೆಸರೊಂದು ಬಳಕೆಯಲ್ಲಿದ್ದರೆ ನನ್ನ ‘ಕಡ್ಡಿ’ಯನ್ನು ಸಂತೋಷದಿಂದ ಕೈಬಿಡುತ್ತೇನೆ.