ಪುಟ್ಟೀ, ಓಸಿ ನೋಡದೆ ಅಡ್ವಾನ್ಸ್ ಕೊಡಬೇಡ

ಪುಟ್ಟೀ, ಈಗಷ್ಟೇ ಕಣದಲ್ಲಿ ಕಾಫಿ ಹರಡಿ ಒಳಗೆ ಬಂದೆ, ನಿನ್ನ ಮೆಸೇಜ್ ನೋಡಿದೆ. "ದೊಡ್ಡಮ್ಮ, ಬೆಂಗಳೂರಲ್ಲಿ ನಾಲ್ಕು ಅಂತಸ್ತಿನ ಚಿಕ್ಕ ಅಪಾರ್ಟ್‌ಮೆಂಟಲ್ಲಿ ಫ್ಲ್ಯಾಟ್ ಇಷ್ಟ ಆಗಿದೆ. ಇವರು ಇಪ್ಪತ್ತನೇ ಮಹಡಿ ಬೇಕು ಅಂತಾರೆ, ಅತ್ತೆ ಸ್ವಂತ ಮನೆಯೇ ಇರಲಿ ಅಂತಾರೆ. ಭಾನುವಾರ ಅಡ್ವಾನ್ಸ್ ಕೊಡಬೇಕು, ಭಯ ಆಗ್ತಿದೆ" ಅಂತ ಬರೆದಿದ್ದೀಯ. ಟೈಪ್ ಮಾಡಲು ನನಗೆ ಕಣ್ಣು ಸಾಲದು, ಮಾತಾಡಿಯೇ ಕಳಿಸುತ್ತೇನೆ. ಪೂರ್ತಿ ಕೇಳು.

ಬೆಂಗಳೂರಿನ ನಮ್ಮ ಫ್ಲ್ಯಾಟ್ ವಿಷಯ ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಏನಾಯಿತು ಅಂತ ನಾನು ಯಾವತ್ತೂ ಬಿಡಿಸಿ ಹೇಳಿಲ್ಲ. 2004ರಲ್ಲಿ ದೊಡ್ಡಪ್ಪ ಹೊಳೆ ಆಚೆಯ ಏಲಕ್ಕಿ ಮಲೆ ಮಾರಿದರಲ್ಲ, ಆ ದುಡ್ಡಿನಲ್ಲಿ ತಗೊಂಡದ್ದು. ನೀನು ಹೇಳುವಂಥದ್ದೇ ಚಿಕ್ಕ ಕಟ್ಟಡ. ಎಂಟೇ ಮನೆ. ನಮ್ಮದು ಮೇಲಿನ ಮಹಡಿ, ಕಿಟಕಿ ಎದುರು ಹೊಂಗೆ ಮರ. ಹಠ ಮಾಡಿದ್ದು ನಾನೇ. ಎಂಟು ಮನೆಯಾದರೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿರುತ್ತದೆ, ಮಕ್ಕಳು ಓದುವಾಗ ಒಂಟಿ ಆಗುವುದಿಲ್ಲ ಅಂತ. ಕಟ್ಟಿಸಿದವರು ಪೇಪರ್ ಎಲ್ಲಾ ಕ್ಲಿಯರ್ ಅಂದರು. ಕಾಫಿ ಕೊಟ್ಟು ಕೂರಿಸಿ ಮಾತಾಡಿದರು. ನಂಬಿದೆವು.

10 ವರ್ಷ ಏನೂ ಗೊತ್ತಾಗಲಿಲ್ಲ. ದೊಡ್ಡಪ್ಪನ ಹಾರ್ಟ್ ಆಪರೇಷನ್ನಿಗೆ ದುಡ್ಡು ಬೇಕಾಗಿ ಮಾರಲು ಹೊರಟೆವು. ಕೊಳ್ಳಲು ಬಂದವರ ಬ್ಯಾಂಕು ಮಂಜೂರಾದ ಪ್ಲ್ಯಾನ್ ಕೇಳಿತು. ಪ್ಲ್ಯಾನಿನಲ್ಲಿ ಇದ್ದದ್ದು ಗ್ರೌಂಡ್ ಪ್ಲಸ್ 2. ಕಟ್ಟಿದ್ದು ಗ್ರೌಂಡ್ ಪ್ಲಸ್ 3. ನಾವು ಅಷ್ಟು ವರ್ಷ ಅನ್ನ ಉಂಡ ಮನೆ ಕಾಗದದಲ್ಲಿ ಇರಲೇ ಇಲ್ಲ ಕಣೇ. ಓಸಿಯೂ ಇಲ್ಲ, ಅಂದರೆ ಪ್ಲ್ಯಾನಿನಂತೆ ಕಟ್ಟಿದೆ, ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ. ಲೋನ್ ಆಗಲ್ಲ ಅಂದರು. ಕುಶಾಲನಗರದ ಭಾವನ ಹತ್ತಿರ ಸಾಲ ತಂದು ಆಪರೇಷನ್ ಮಾಡಿಸಿದೆವು. ದಂಡ ಕಟ್ಟಿಸಿಕೊಂಡು ಇಂಥ ಕಟ್ಟಡ ಸರಿ ಮಾಡಿಕೊಡುವ ಸರ್ಕಾರದ ಅಕ್ರಮ-ಸಕ್ರಮ ಯೋಜನೆಯಲ್ಲಿ ಸರಿ ಆಗುತ್ತದೆ ಅಂತ ಕಾದೆವು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ತಡೆ ಕೊಟ್ಟಿತು. ಕೊನೆಗೆ ಲೋನ್ ಬೇಡದವರು ಬಂದರು, ಅವರು ಹೇಳಿದ ರೇಟಿಗೇ ಕೊಟ್ಟೆವು. ಮಲೆಯೂ ಹೋಯಿತು, ಮನೆಯೂ ಹೋಯಿತು.

ಓಸಿ ಕೈಯಲ್ಲಿ ಹಿಡಿದು ನೋಡದೆ ಒಂದು ರೂಪಾಯಿ ಕೊಡಬೇಡ.

ನೀರು ಎಲ್ಲಿಂದ ಅಂತಲೂ ಕೇಳು. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರು ಎಷ್ಟು ಜನ! ಆ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ 5ನೇ ಹಂತ ಶುರುವಾಯಿತು, ಸುತ್ತಲಿನ 110 ಹಳ್ಳಿಗಳಿಗೆ. ನಮ್ಮ ತಲಕಾವೇರಿಯಲ್ಲಿ ಹುಟ್ಟಿದವಳು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಗುಡ್ಡ ಹತ್ತಿ ನಿಮ್ಮ ನಲ್ಲಿಗೆ ಬರುತ್ತಾಳೆ. ನೀವು ಮಾತ್ರ ತುಲಾ ಸಂಕ್ರಮಣಕ್ಕೂ ಈ ಕಡೆ ತಲೆ ಹಾಕುವುದಿಲ್ಲ. ಹೋದ ಹುತ್ತರಿ ಹಬ್ಬಕ್ಕೆ ಗದ್ದೆಯಿಂದ ಕದಿರು ತರಲು ಮನೆಯಲ್ಲಿ ಗಂಡುಮಕ್ಕಳೇ ಇರಲಿಲ್ಲ, ಪಕ್ಕದ ಮನೆಯ ಹುಡುಗನನ್ನು ಕರೆದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮೂರು ದಿನ ಕರೆಂಟಿಲ್ಲದೆ ಕೂತಿದ್ದೆವು. ಆಮೇಲೆ ಫೋನ್ ಮಾಡಿದಿರಿ, ತೋಟ ಮಾರಿಬಿಡಿ ಅಂದಿರಿ. ಹೇಗಿದ್ದೀರಿ ಅಂತ ಮೊದಲು ಕೇಳಬೇಕಿತ್ತು ಅಲ್ವಾ? ನನಗೆ ಅದು ಇನ್ನೂ ನೋವಾಗುತ್ತದೆ.

ಅಯ್ಯೋ, ನೀನು ಕೇಳಿದ್ದಕ್ಕೇ ಉತ್ತರ ಕೊಡಲಿಲ್ಲ. ಚಿಕ್ಕ ಅಪಾರ್ಟ್‌ಮೆಂಟೇ ನನಗೂ ಇಷ್ಟ. 40-60 ಸೈಟಿನಲ್ಲಿ ಎಂಟು ಮನೆ ಅಂದರೆ ಸಮ ಹಂಚಿದರೆ ನಿನಗೆ 300 ಚದರ ಅಡಿ ನೆಲದ ಪಾಲು ಬರುತ್ತದೆ, ಇಪ್ಪತ್ತು ಮಹಡಿಯಲ್ಲಿ ಅಷ್ಟು ಸಿಗುವುದು ಕಷ್ಟ. ಲಿಫ್ಟ್ ಕೆಟ್ಟರೂ ನಿನ್ನ ಅತ್ತೆ ನಿಧಾನವಾಗಿ ಹತ್ತಬಹುದು. ಆದರೆ ಲಿಫ್ಟ್ ರಿಪೇರಿ ಖರ್ಚು ಎಂಟೇ ಮನೆಯ ಮೇಲೆ ಬೀಳುತ್ತದೆ, ಅದನ್ನು ಲೆಕ್ಕ ಹಾಕು. ಸ್ವಂತ ಮನೆಗೆ ಸೈಟಿನ ದುಡ್ಡು ನಿಮ್ಮ ಹತ್ತಿರ ಇಲ್ಲ, ಸುಮ್ನೆ ಆಸೆ ಪಡಬೇಡಿ. ಚಿಕ್ಕದರ ತೊಂದರೆ ಇದು: ಜಾಗ 500 ಚದರ ಮೀಟರ್ ದಾಟದಿದ್ದರೆ, ಅಥವಾ ಮನೆ 8 ದಾಟದಿದ್ದರೆ, ಬಿಲ್ಡರುಗಳ ಮೇಲೆ ಕಣ್ಣಿಡುವ ರೇರಾ ಪ್ರಾಧಿಕಾರದಲ್ಲಿ ನೋಂದಣಿಯೇ ಬೇಕಿಲ್ಲ. ಕೇಳುವವರಿಲ್ಲ, ನೀನೇ ನೋಡಬೇಕು. ಮಂಜೂರಾದ ಪ್ಲ್ಯಾನ್ ಹಿಡಿದು ಮಹಡಿ ಎಣಿಸು. ಪಾಲಿಕೆಯ ಆಸ್ತಿ ದಾಖಲೆ ಇ-ಖಾತಾ ಕೇಳು, 30 ವರ್ಷದ ಇಸಿ, ಅಂದರೆ ಆಸ್ತಿಯ ಮೇಲೆ ಆದ ಮಾರಾಟ, ಸಾಲ ತೋರಿಸುವ ಪತ್ರವನ್ನೂ ಕೇಳು. ನೆಲದ ಪಾಲು ಕ್ರಯಪತ್ರದಲ್ಲಿ ಚದರ ಅಡಿ ಲೆಕ್ಕದಲ್ಲಿ ಬರೆದಿರಲಿ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಓಸಿ ನೋಡಿಯೇ ಕರೆಂಟು, ನೀರು ಕೊಡಬೇಕು, ಬ್ಯಾಂಕೂ ಓಸಿ ನೋಡಿಯೇ ಸಾಲ ಕೊಡಬೇಕು ಅಂತ. ಮತ್ತೆ ಹೇಳುತ್ತೇನೆ ಪುಟ್ಟೀ, ಓಸಿ ನೋಡದೆ ಒಂದು ರೂಪಾಯಿ ಕೊಡಬೇಡ.

ಭಾನುವಾರ ಆಗಲ್ಲ ಅಂತ ಇವತ್ತೇ ಫೋನ್ ಮಾಡು. ಕಾಗದದ ಫೋಟೋ ಗ್ರೂಪಿಗೆ ಹಾಕು, ಮಡಿಕೇರಿಯ ವಕೀಲ ಭಾವ ನೋಡಲಿ.