ಸಾಯುತ್ತಿರೋ ಮೀನನ್ನು ದುಡ್ಡು ಕೊಟ್ಟು ತರೋದು ಸರಿಯಾ?

ಬಳ್ಳಾರಿ_ಉಪ್ಪುನೀರು
ಎಲ್ಲರಿಗೂ ನಮಸ್ಕಾರ. ಭಾನುವಾರ ಅಕ್ವೇರಿಯಂ ಉಪ್ಪು ತರೋಣ ಅಂತ ನಮ್ಮೂರಿನ ಒಂದು ಮೀನಿನ ಅಂಗಡಿಗೆ ಹೋಗಿದ್ದೆ. ಮೂಲೆಯ ಟ್ಯಾಂಕಿನಲ್ಲಿ ಒಂದು ಬ್ಲೂ ಟ್ಯಾಂಗ್, ಅಂದರೆ ಕಡು ನೀಲಿ ಬಣ್ಣದ ಸಮುದ್ರದ ಮೀನು ಇತ್ತು. ಅಂಗೈಗಿಂತ ಚಿಕ್ಕದು. ಪೈಪಿಗೂ ಗಾಜಿಗೂ ನಡುವೆ ಸೇರಿಕೊಂಡು ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಮೈತುಂಬ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ. ಆ ಕಡು ನೀಲಿ ಬಣ್ಣ ಮಾಸಿ ಬೂದಿ ಆಗಿತ್ತು. ಕಿವಿರು ಬಡಿಯೋದನ್ನು ಗಡಿಯಾರ ಇಟ್ಟು ಎಣಿಸಿದೆ, ನಿಮಿಷಕ್ಕೆ ನೂರು ದಾಟಿತು. ಅಂಗಡಿಯವರು "ಅರ್ಧ ರೇಟಿಗೆ ಒಯ್ಯಿರಿ, ಚುಕ್ಕಿ ತಾನೇ ಹೋಗುತ್ತೆ" ಅಂದರು. ಜೀವ ತಡೆಯಲಿಲ್ಲ, ತಗೊಂಡು ಬಂದೆ.

ಈಗ ಅದು ಹಳೇ 2 ಅಡಿ ಟ್ಯಾಂಕಿನಲ್ಲಿ ಒಂದೇ ಇದೆ. ನನ್ನ ದೊಡ್ಡ ಟ್ಯಾಂಕ್ 3 ಅಡಿಯದು, ಅದರಲ್ಲಿ ಎರಡು ಕ್ಲೌನ್ ಮೀನು, ಒಂದು ಸೀಗಡಿ ಇವೆ. ಅದಕ್ಕೆ ಹಾಕಿಲ್ಲ. ಗೆಳೆಯನಿಗೆ ಫೋಟೋ ಕಳಿಸಿದರೆ ಬೈದ. "ದುಡ್ಡು ಕೊಟ್ಟಿದ್ದೀಯಲ್ಲ, ಅದೇ ದುಡ್ಡಲ್ಲಿ ಅವರು ಇನ್ನೊಂದು ತಂದು ಹೀಗೇ ಇಡ್ತಾರೆ" ಅಂದ. ರಾತ್ರಿ ನಿದ್ದೆ ಬರಲಿಲ್ಲ. ನಾನು ಮಾಡಿದ್ದು ಸರಿಯಾ? ಈಗ ಏನು ಮಾಡಲಿ?

ಗಂಗಾವತಿ_ಅಕ್ಕ
ತಮ್ಮಾ, ಸರಿಯೋ ತಪ್ಪೋ ಆಮೇಲೆ ಮಾತಾಡೋಣ. ಮೊದಲು ಮೀನು. ಲೈಟ್ ಆರಿಸಿ ಪಕ್ಕದಿಂದ ಟಾರ್ಚ್ ಬಿಟ್ಟು ನೋಡು. ಚುಕ್ಕಿಗಳು ಉಪ್ಪಿನ ಹರಳಿನಷ್ಟಿದ್ದು, ಒಂದೊಂದಾಗಿ ಎಣಿಸೋ ಹಾಗಿದ್ದರೆ ಇಕ್, ಅಂದರೆ ಕ್ರಿಪ್ಟೋಕ್ಯಾರಿಯಾನ್ ಅನ್ನೋ ಸೂಕ್ಷ್ಮ ಪರೋಪಜೀವಿ ತರೋ ಕಾಯಿಲೆ. ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣಗೆ, ಓರೆ ಬೆಳಕಿನಲ್ಲಿ ಹೊಂಬಣ್ಣ ಕಂಡರೆ ವೆಲ್ವೆಟ್ ಅನ್ನೋ ಇನ್ನೊಂದು ಪರೋಪಜೀವಿ ಕಾಯಿಲೆ. ಇಕ್ ಆದರೆ ನಿನಗೆ ಸ್ವಲ್ಪ ದಿನ ಸಿಗುತ್ತೆ. ವೆಲ್ವೆಟ್ ಆದರೆ ಇವತ್ತು ನಾಳೆ ಅನ್ನೋ ಲೆಕ್ಕ, ಅದು ಮೊದಲು ಕಿವಿರಿಗೇ ಕೂರುತ್ತೆ.

ಎರಡಕ್ಕೂ ಕಾಪರ್, ಅಂದರೆ ತಾಮ್ರದ ಔಷಧಿ ಕೆಲಸ ಮಾಡುತ್ತೆ. ಟ್ಯಾಂಕಿನಲ್ಲಿ ಮರಳು, ಕಲ್ಲು ಇದ್ದರೆ ತೆಗೆದುಬಿಡು, ಅವು ಕಾಪರ್ ಹೀರಿಕೊಳ್ಳುತ್ತವೆ. ಫಿಲ್ಟರಿನ ಕಾರ್ಬನ್ನೂ ತೆಗಿ. ಬಚ್ಚಿಟ್ಟುಕೊಳ್ಳೋಕೆ ಒಂದು ತುಂಡು ಪಿವಿಸಿ ಪೈಪ್ ಹಾಕು, ಸಾಕು. ಅಂಗಡಿ ನೀರಿನ ಉಪ್ಪು ಎಷ್ಟಿತ್ತು ಅಂತ ಅಳೆದೆಯಾ?

ಬಳ್ಳಾರಿ_ಉಪ್ಪುನೀರು
ಅಕ್ಕಾ, ಚುಕ್ಕಿ ಎಣಿಸಬಹುದು, ಹೊಂಬಣ್ಣ ಇಲ್ಲ. ಕವರಿನಲ್ಲಿ ಉಳಿದಿದ್ದ ನೀರನ್ನು ಈಗ ಉಪ್ಪು ಅಳೆಯೋ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿದೆ. 1.018 ಇದೆ (ಈ ಅಂಕಿ ಏರಿದಷ್ಟೂ ಉಪ್ಪು ಜಾಸ್ತಿ). ನನ್ನ ನೀರು 1.025. ಗೊತ್ತಿಲ್ಲದೆ ಅದರೊಳಗೆ ಬಿಟ್ಟುಬಿಟ್ಟೆ.

ಗಂಗಾವತಿ_ಅಕ್ಕ
ಅದಕ್ಕೇ ಇನ್ನೂ ವಾಲಿಕೊಂಡಿದೆ. ಉಪ್ಪು ಇಳಿದರೆ ಮೀನು ತಡೆಯುತ್ತೆ, ಒಮ್ಮೆಲೇ ಏರಿದರೆ ತಡೆಯಲ್ಲ. ಅದೇ ಬಿಸಿಗೆ ತಂದ ಆರ್‌ಓ ನೀರು ಸೇರಿಸಿ ಈಗಲೇ 1.019ಕ್ಕೆ ಇಳಿಸು. ಬೋರ್ ನೀರು ಬೇಡ, ನಮ್ಮ ಕಡೆ ಅದು ಗಡಸು, ಫ್ಲೋರೈಡ್ ಬೇರೆ ಜಾಸ್ತಿ. ವಾರ ಕಳೆದ ಮೇಲೆ ದಿನಕ್ಕೆ ಒಂದೊಂದು ಪಾಯಿಂಟ್ (0.001) ಏರಿಸಿದರಾಯಿತು.

ಕೊಪ್ಪಳ_ಕೋಟೆ_ಕೆಳಗೆ
ಬೇಜಾರು ಮಾಡಿಕೊಳ್ಳಬೇಡಿ ಅಣ್ಣಾ, ನಿಮ್ಮ ಗೆಳೆಯ ಹೇಳಿದ್ದೇ ಸರಿ.

ನೀವು ಖಾಲಿ ಮಾಡಿದ ಆ ಮೂಲೆ ಟ್ಯಾಂಕನ್ನು ಯೋಚನೆ ಮಾಡಿ. ಇಕ್ ಹುಳ ಮೀನಿನ ಮೈಮೇಲೆ 3ರಿಂದ 7 ದಿನ ಇರುತ್ತೆ. ಆಮೇಲೆ ಉದುರಿ ತಳದಲ್ಲಿ, ಗಾಜಿನ ಮೇಲೆ, ಪೈಪಿನ ಮೇಲೆ ಗಂಟು ಕಟ್ಟುತ್ತೆ. ಒಂದೊಂದು ಗಂಟಿನಿಂದ ನೂರಾರು ಮರಿ ಹೊರಬರುತ್ತವೆ. ನೀವು ಕೊಟ್ಟ ದುಡ್ಡಿನಲ್ಲಿ ಈ ವಾರ ಅಲ್ಲಿಗೆ ಇನ್ನೊಂದು ಟ್ಯಾಂಗ್ ಬರುತ್ತೆ, ಅದೇ ನೀರಿಗೆ, ಅದೇ ಗಂಟುಗಳ ನಡುವೆ. ಆ ಮೀನನ್ನು ಯಾರು ಉಳಿಸುತ್ತಾರೆ?

ನಾನು ಹೀಗೆ ಮೂರು ಸಲ ಮಾಡಿದವನು. ಮೂರನೇ ಸಲ ತಂದ ಏಂಜಲ್ ಮೀನಿಗೆ ವೆಲ್ವೆಟ್ ಇತ್ತು. ಬೇರೆ ಟ್ಯಾಂಕಿನಲ್ಲೇ ಇಟ್ಟಿದ್ದೆ. ಆದರೆ ಒಂದೇ ಬಲೆ ಎರಡಕ್ಕೂ ಬಳಸಿದೆ. ನಾಲ್ಕೇ ದಿನದಲ್ಲಿ ದೊಡ್ಡ ಟ್ಯಾಂಕಿನ ಒಂಬತ್ತು ಮೀನು ಹೋದವು. ಅದರಲ್ಲಿ ಒಂದು ಕ್ಲೌನ್ ನನ್ನ ಮಗಳಷ್ಟೇ ವಯಸ್ಸಿನದು, ಅವಳು ಹುಟ್ಟಿದ ವರ್ಷ ತಂದದ್ದು. ಅವಳಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅವತ್ತಿನಿಂದ ಕಾಯಿಲೆ ಮೀನಿಗೆ ಒಂದು ರೂಪಾಯಿ ಕೊಡಲ್ಲ ಅಂತ ತೀರ್ಮಾನ ಮಾಡಿದ್ದೇನೆ.

ಗಂಗಾವತಿ_ಅಕ್ಕ
ನಿಮ್ಮ ನೋವು ಅರ್ಥವಾಗುತ್ತೆ ಅಣ್ಣಾರೆ. ಆದರೆ ಕಣ್ಣೆದುರಿಗೆ ಉಸಿರು ಎಳೆಯುತ್ತಿರೋ ಮೀನಿಗೆ ಮುಂದಿನ ವಾರದ ಮೀನಿನ ಲೆಕ್ಕ ಹೇಳಿ ಎದ್ದು ಬರೋಕೆ ನನ್ನಿಂದ ಆಗಲ್ಲ. ಬಲೆ ವಿಷಯ ಮಾತ್ರ ಎಲ್ಲರೂ ಮನಸ್ಸಿಗೆ ತಗೊಳ್ಳಿ. ಆ ಟ್ಯಾಂಕಿಗೆ ಅದರದೇ ಬಲೆ, ಅದರದೇ ಬಕೆಟ್, ಅದರದೇ ಪೈಪ್. ಕೈ ಅದ್ದಿದರೆ ಸೋಪು ಹಚ್ಚಿ ತೊಳೆದು ಒರೆಸಿಕೊಂಡೇ ಇನ್ನೊಂದು ಟ್ಯಾಂಕಿನ ಹತ್ತಿರ ಹೋಗಬೇಕು.

ರಾಯಚೂರು_ಹಳೇ_ಅಂಗಡಿ
ನಾನು ರಾಯಚೂರಿನ ಒಂದು ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಅಂಗಡಿಯವರ ಕಡೆಯಿಂದಲೂ ಸ್ವಲ್ಪ ಕೇಳಿ.

ಬಾಕ್ಸ್ ಬೆಳಗಿನ ಜಾವ ಬಸ್ಸಿನಲ್ಲಿ ಬರುತ್ತಿತ್ತು, ಚೆನ್ನೈ ಇಲ್ಲವೇ ಹೈದರಾಬಾದಿನಿಂದ. ಮೀನು ಅಷ್ಟು ಹೊತ್ತು ಕವರಿನಲ್ಲೇ ಉಸಿರಾಡಿ ನೀರಿನ ಪಿಎಚ್ ಇಳಿದಿರುತ್ತೆ. ಅದರ ಹೇಲುಚ್ಚೆಯ ಅಮೋನಿಯಾ ಆಗ ಅಷ್ಟು ಕೆಟ್ಟದ್ದು ಮಾಡಲ್ಲ. ಕವರ್ ಬಿಚ್ಚಿದ ಕೂಡಲೇ ನೀರಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಪಿಎಚ್ ಏರುತ್ತೆ, ಅದೇ ಅಮೋನಿಯಾ ವಿಷ ಆಗುತ್ತೆ. ಇದು ನಮಗೆ ಗೊತ್ತೇ ಇರಲಿಲ್ಲ. ಒಳ್ಳೇದಾಗಲಿ ಅಂತ ಕವರ್ ಬಿಚ್ಚಿ ಹನಿ ಹನಿಯಾಗಿ ಎರಡು ತಾಸು ನೀರು ಬಿಡುತ್ತಿದ್ದೆವು. ಕಿವಿರು ಸುಟ್ಟ ಮೀನನ್ನೇ ಟ್ಯಾಂಕಿಗೆ ಬಿಟ್ಟಂತೆ ಆಗುತ್ತಿತ್ತು.

ಇನ್ನೊಂದು. ಸಣ್ಣ ಅಂಗಡಿಯಲ್ಲಿ ಎಲ್ಲ ಟ್ಯಾಂಕಿಗೂ ಕೆಳಗೆ ಒಂದೇ ಸಂಪ್, ಅಂದರೆ ಎಲ್ಲದರ ನೀರೂ ಸೇರಿ ಸುತ್ತೋ ತೊಟ್ಟಿ. ಒಂದು ಟ್ಯಾಂಕಿನ ಕಾಯಿಲೆ ಹನ್ನೆರಡಕ್ಕೂ ಸುತ್ತುತ್ತೆ. ಸೀಗಡಿ, ಅನಿಮೋನ್ ಎಲ್ಲ ಅದೇ ನೀರಿನಲ್ಲಿ ಇರೋದರಿಂದ ಕಾಪರ್ ಹಾಕೋ ಹಾಗಿಲ್ಲ, ಹಾಕಿದರೆ ಅವು ಸಾಯುತ್ತವೆ. ಅದಕ್ಕೇ ಉಪ್ಪು ಕಡಿಮೆ ಇಡುತ್ತಾರೆ. ಹುಳಕ್ಕೆ ಸ್ವಲ್ಪ ತಡೆ ಆಗುತ್ತೆ, ಉಪ್ಪಿನ ಖರ್ಚೂ ಉಳಿಯುತ್ತೆ. ನಮ್ಮ ಮಾಲೀಕರು ಕ್ರೂರಿ ಆಗಿರಲಿಲ್ಲ. ಸತ್ತ ಮೀನು ತೆಗೆಯುವಾಗ ಅವರ ಮುಖ ನೋಡಿದ್ದೇನೆ.

ಕೊಪ್ಪಳ_ಕೋಟೆ_ಕೆಳಗೆ
ಕ್ರೂರಿ ಅಲ್ಲ ಅಂದರೂ ಮೀನು ಸಾಯೋದು ನಿಲ್ಲಲಿಲ್ಲ ಅಲ್ವಾ? ಅಂಥ ಅಂಗಡಿ ಮೇಲೆ ದೂರು ಕೊಡಬಹುದು.

ರಾಯಚೂರು_ಹಳೇ_ಅಂಗಡಿ
ಕೊಡಿ, ಬೇಡ ಅನ್ನಲ್ಲ. ನಮ್ಮ ಅಂಗಡಿ ಬದಲಾಗಿದ್ದು ಹೇಗೆ ಅಂತಷ್ಟೇ ಹೇಳುತ್ತೇನೆ. ಒಬ್ಬ ಗಿರಾಕಿ ಪ್ರತಿ ಶನಿವಾರ ಬರುತ್ತಿದ್ದರು. ಒಂದು ದಿನ ತಮ್ಮ ರಿಫ್ರಾಕ್ಟೋಮೀಟರ್ ತಂದು ನಮ್ಮ ನೀರು ಅಳೆದು ತೋರಿಸಿದರು. ನಮ್ಮ ತೇಲೋ ಮಾಪಕ 1.020 ಅನ್ನುತ್ತಿತ್ತು, ನಿಜಕ್ಕೂ ಇದ್ದದ್ದು 1.014. ಬೈಯಲಿಲ್ಲ ಅವರು. ಆ ಸಾಧನ ಅಲ್ಲೇ ಬಿಟ್ಟು ಹೋದರು. ಆಮೇಲೆ ಮಾಲೀಕರು ಎರಡು ಟ್ಯಾಂಕನ್ನು ಸಂಪ್‌ನಿಂದ ಬಿಡಿಸಿ, ಹೊಸ ಮೀನಿಗೆ ಅಂತ ಬೇರೆ ಇಟ್ಟರು. ಕಾಪರ್ ಅಲ್ಲಿ ಹಾಕೋಕೆ ಶುರು ಮಾಡಿದರು. ಸಾಯೋದು ಪೂರ್ತಿ ನಿಲ್ಲಲಿಲ್ಲ, ಆದರೆ ಬೆಳಿಗ್ಗೆ ಬಲೆ ಹಿಡಿದು ಹೆಣ ತೆಗೆಯೋ ಕೆಲಸ ನನಗೆ ದಿನಾ ಇರುತ್ತಿರಲಿಲ್ಲ.

ಸಿಂಧನೂರು_ಗದ್ದೆ
ಎಲ್ಲರೂ ಔಷಧಿ ಮಾತಾಡುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. ಈ ಮೀನು ಬದುಕಿದರೆ ಎಲ್ಲಿರುತ್ತೆ? ಬ್ಲೂ ಟ್ಯಾಂಗ್ ಒಂದು ಅಡಿವರೆಗೆ ಬೆಳೆಯುತ್ತೆ, ದಿನವಿಡೀ ಈಜೋ ಮೀನು. 3 ಅಡಿ ಟ್ಯಾಂಕ್ ಅದಕ್ಕೆ ಬಚ್ಚಲುಮನೆ. ಈ ಜಾತಿಯನ್ನು ತೊಟ್ಟಿಯಲ್ಲಿ ಮೊದಲ ಸಲ ಮರಿ ಮಾಡಿ ಬೆಳೆಸಿದ್ದೇ 2016ರಲ್ಲಿ, ಅಮೆರಿಕದ ಫ್ಲೋರಿಡಾದಲ್ಲಿ. ಹಾಗಾಗಿ ಅಂಗಡಿಗೆ ಬರೋದು ಹೆಚ್ಚುಕಮ್ಮಿ ಎಲ್ಲ ಸಮುದ್ರದಿಂದ ಹಿಡಿದದ್ದೇ. ಫಿಲಿಪೀನ್ಸ್ ಕಡೆ 1960ರ ದಶಕದಿಂದ ಸಯನೈಡ್ ಚಿಮ್ಮಿಸಿ ಹಿಡಿಯೋ ಪದ್ಧತಿ ಇತ್ತು. ಹಾಗೆ ಹಿಡಿದ ಮೀನು ನೋಡೋಕೆ ಚೆನ್ನಾಗಿದ್ದು, ವಾರಗಳ ಮೇಲೆ ಸುಮ್ನೆ ಸತ್ತು ಹೋಗುತ್ತೆ.

ಸಮುದ್ರದ ಮೀನೇ ಬೇಕು ಅಂದರೆ ಕ್ಲೌನ್ ಸಾಕಿ. ನಮ್ಮ ದೇಶದ ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ)ನವರೇ ಅದರ ಮರಿ ಮಾಡೋದನ್ನು ಸಾಧಿಸಿದ್ದಾರೆ. ನಮ್ಮ ಜಿಲ್ಲೆಗಳಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಇರುತ್ತೆ, ಕರೆಂಟ್ ಹೋಗುತ್ತೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಕಿವಿರು ಹಾಳಾದ ಮೀನು ಅದನ್ನು ಹೇಗೆ ತಡೆಯಬೇಕು?

ಗಂಗಾವತಿ_ಅಕ್ಕ
ಬಿಸಿ ವಿಷಯದಲ್ಲಿ ನೀವು ಹೇಳಿದ್ದು ನಿಜ. ಆದರೆ ನಮ್ಮದು ಒಣ ಹವೆ. ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತೆ, ಮಣ್ಣಿನ ಗಡಿಗೆಯ ನೀರು ತಣ್ಣಗಾಗೋ ಹಾಗೇ. ನೀರು ಬೇಗ ಆರುತ್ತೆ, ಉಪ್ಪು ಮಾತ್ರ ಒಳಗೇ ಉಳಿಯುತ್ತೆ. ಅದಕ್ಕೆ ದಿನಾ ಸಿಹಿನೀರು ಮಾತ್ರ ಸೇರಿಸಿ ಗೆರೆ ಮುಟ್ಟಿಸಬೇಕು. ಕರೆಂಟ್‌ಗೆ ಬ್ಯಾಟರಿ ಏರ್ ಪಂಪ್ ಒಂದು ಇರಲೇಬೇಕು.

ಬಳ್ಳಾರಿ_ಉಪ್ಪುನೀರು
ಮೂರನೇ ದಿನ. ಕಾಪರ್ ಎರಡು ದಿನದಲ್ಲಿ ನಿಧಾನವಾಗಿ 2 ಪಿಪಿಎಂಗೆ (ಲೀಟರಿಗೆ ಸುಮಾರು 2 ಮಿಲಿಗ್ರಾಂ) ತಂದೆ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಒಂದೂ ಚುಕ್ಕಿ ಇಲ್ಲ! ವಾಸಿ ಆಯ್ತಾ ಅಕ್ಕಾ?

ಗಂಗಾವತಿ_ಅಕ್ಕ
ಇಲ್ಲ ತಮ್ಮಾ. ಎಲ್ಲರೂ ಎಡವೋದು ಇಲ್ಲೇ. ಅಂಗಡಿಯವರು "ತಾನೇ ಹೋಗುತ್ತೆ" ಅಂದದ್ದೂ ಇದನ್ನು ನೋಡಿಯೇ. ಮೈಮೇಲಿದ್ದದ್ದು ಉದುರಿ ತಳಕ್ಕೆ ಹೋಗಿದೆ. ಗಂಟು ಒಡೆದು ಮರಿ ಈಜಾಡುವಾಗ ಮಾತ್ರ ಕಾಪರ್ ಅದನ್ನು ಕೊಲ್ಲುತ್ತೆ. ಅದಕ್ಕೇ 30 ದಿನ ಇಳಿಯದ ಹಾಗೆ 2ರಿಂದ 2.5ರ ನಡುವೆ ಇಡಬೇಕು. ಅದು ಚಿಲೇಟೆಡ್ ಕಾಪರ್‌ನ, ಅಂದರೆ ಬೇರೆ ರಾಸಾಯನಿಕಕ್ಕೆ ಕಟ್ಟಿಹಾಕಿದ ಕಾಪರ್‌ನ ಲೆಕ್ಕ. ಬಾಟಲಿ ಮೇಲೆ ಬೇರೆ ಥರದ್ದು ಅಂತ ಇದ್ದರೆ ಲೆಕ್ಕವೇ ಬೇರೆ, 0.5ರ ಹತ್ತಿರ. ನೋಡಿಕೊಂಡು ಹೇಳು. ಟೆಸ್ಟ್ ಕಿಟ್ಟೂ ಅದೇ ಥರದ ಕಾಪರ್‌ಗೆ ಆಗೋದಿರಬೇಕು. ಕ್ಲೋರಿನ್, ಅಮೋನಿಯಾ ಕಟ್ಟೋ ದ್ರಾವಣ ಇದರ ಜೊತೆ ಹಾಕಬೇಡ, ಕಾಪರ್ ವಿಷ ಆಗುತ್ತೆ. ಅಮೋನಿಯಾ ಕಂಡರೆ ನೀರು ಬದಲಿಸು, ಹೊಸ ನೀರಿಗೂ ಮೊದಲೇ ಕಾಪರ್ ಬೆರೆಸಿಕೊಂಡು.

ಬಳ್ಳಾರಿ_ಉಪ್ಪುನೀರು
ಚಿಲೇಟೆಡ್ಡೇ. 2.2 ಇದೆ.

ಬಳ್ಳಾರಿ_ಉಪ್ಪುನೀರು
ಹನ್ನೊಂದನೇ ದಿನ. ಆರನೇ ದಿನ ರೆಕ್ಕೆ ಮೇಲೆ ಮತ್ತೆ ಏಳೆಂಟು ಚುಕ್ಕಿ ಬಂದಿದ್ದವು, ಈಗ ಇಲ್ಲ. ನಿನ್ನೆವರೆಗೆ ಏನೂ ತಿಂದಿರಲಿಲ್ಲ. ಬೆನ್ನಿನ ಹತ್ತಿರ ಮಾಂಸ ಒಳಗೆ ಸೇದಿಕೊಂಡಿತ್ತು, ನೋಡೋಕೆ ಆಗುತ್ತಿರಲಿಲ್ಲ. ಇವತ್ತು ಕಡಲಪಾಚಿ ಹಾಳೆಯ ಸಣ್ಣ ತುಂಡನ್ನು ಪಿವಿಸಿ ಪೈಪಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ನಾನು ಕೋಣೆಯಿಂದ ಹೊರಗೆ ಬಂದೆ. ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅರ್ಧ ತಾಸಿನ ಮೇಲೆ ಬಂದು ಮೂಸಿತು, ಹೋಯಿತು. ಮತ್ತೆ ಬಂದು ಒಂದು ಚೂರು ಹರಿದು ಬಾಯಿಗೆ ಹಾಕಿಕೊಂಡಿತು. ನಮ್ಮ ಮನೆಯವರನ್ನು ಕೂಗಿ ಕರೆದೆ.

ಸಿಂಧನೂರಿನ ಅಣ್ಣ ಕೇಳಿದ್ದಕ್ಕೆ ಉತ್ತರ: ನನ್ನ ಹತ್ತಿರ ಇಟ್ಟುಕೊಳ್ಳಲ್ಲ. ಹೊಸಪೇಟೆಯಲ್ಲಿ ಪರಿಚಯದವರೊಬ್ಬರ ಬಳಿ 6 ಅಡಿ ಟ್ಯಾಂಕ್ ಇದೆ, 30 ದಿನ ಮುಗಿದ ಮೇಲೆ ಅಲ್ಲಿಗೆ ಕೊಡುತ್ತೇನೆ. ಕೊಪ್ಪಳದ ಅಣ್ಣನ ಮಾತು ತಲೆಯಿಂದ ಹೋಗಿಲ್ಲ. ಅದಕ್ಕೇ ನಿನ್ನೆ ಅಂಗಡಿಗೆ ಹೋಗಿ ಟ್ಯಾಂಗ್‌ನ ವಿಡಿಯೋ ತೋರಿಸಿದೆ. ಆ ಮೂಲೆ ಟ್ಯಾಂಕ್ ಇನ್ನೂ ಖಾಲಿ ಇದೆ. ಸಂಪ್‌ನಿಂದ ಬಿಡಿಸಿ ಹೊಸ ಮೀನಿಗೆ ಬೇರೆ ಇಡಿ ಅಂತ ಕೇಳಿದೆ. ಒಪ್ಪಿದರು. ಪಂಪು, ಸ್ಪಂಜ್ ಫಿಲ್ಟರ್ ಇಲ್ಲ ಅಂದರು.

ಸಿಂಧನೂರು_ಗದ್ದೆ
6 ಅಡಿ ಆದರೆ ಸರಿ. ಟ್ಯಾಂಗ್ ತರಿಸೋದನ್ನೇ ಬಿಡಿ ಅಂತಲೂ ಅವರಿಗೆ ಹೇಳಿ ದಯವಿಟ್ಟು.

ಕೊಪ್ಪಳ_ಕೋಟೆ_ಕೆಳಗೆ
ಕಾಯಿಲೆ ಮೀನು ದುಡ್ಡು ಕೊಟ್ಟು ತರಬಾರದು ಅನ್ನೋ ಮಾತು ನಾನು ಬಿಡಲ್ಲ. ಆದರೆ ಆ ಒಂಬತ್ತು ಮೀನು ಹೋದ ಮೇಲೆ ನನ್ನ ಪಂಪು, ಎರಡು ಸ್ಪಂಜ್ ಫಿಲ್ಟರ್ ಅಟ್ಟದ ಮೇಲೆ ಸುಮ್ನೆ ಬಿದ್ದಿವೆ. ಬ್ಲೀಚ್‌ನಲ್ಲಿ ತೊಳೆದು ಬಿಸಿಲಿಗೆ ಒಣಗಿಸುತ್ತೇನೆ. ಭಾನುವಾರ ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಬರುತ್ತೇನೆ ಅಣ್ಣಾ, ಸ್ಟ್ಯಾಂಡಿನ ಹತ್ತಿರ ಇರಿ.